ಗಿಡದೊಳಗಿನ ಸ್ವಿಚ್ಚುಗಳು: ಚಳಿ, ನೆರೆ ಮತ್ತು ನಮ್ಮ ತಗ್ಗಿನ ಗದ್ದೆ

(ಸುವರ್ಣ ಮಹೋತ್ಸವದ ವಿಜ್ಞಾನ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಸಮಿತಿಯವರು ಫೋನ್ ಮಾಡಿ "ಮಕ್ಕಳಿಗೆ ಅರ್ಧ ಗಂಟೆ ವಿಜ್ಞಾನದ ಬಗ್ಗೆ ಮಾತಾಡು" ಎಂದರು. ನಾನು ಸಾಫ್ಟ್‌ವೇರ್ ಕೆಲಸದವನಾದ್ದರಿಂದ ಕಂಪ್ಯೂಟರ್ ಬಗ್ಗೆ ಹೇಳುತ್ತೇನೆ ಎಂದುಕೊಂಡಿದ್ದರೋ ಏನೋ. ಭತ್ತದ ಬಗ್ಗೆ ಮಾತಾಡುತ್ತೇನೆ ಎಂದಾಗ ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಬಿ.ಇ. ಮಾಡಿ ಬೆಂಗಳೂರು ಸೇರಿದವನು ಊರಿಗೆ ಬಂದು ಗದ್ದೆಯ ಮಾತು ಆಡಿದರೆ ಯಾರಿಗಾದರೂ ಅನುಮಾನ ಬರುವುದು ಸಹಜ. ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ. ನಾನು ಸಸ್ಯವಿಜ್ಞಾನಿ ಅಲ್ಲ. ನಾಲ್ಕು ವರ್ಷ ನನ್ನ ಕೆಲಸ ಬೆಳೆ ಸಂಶೋಧನೆ ಮಾಡುವವರಿಗೆ ಡಿಎನ್‌ಎ ಮಾಹಿತಿಯನ್ನು ವಿಂಗಡಿಸಿ ಕೊಡುವ ತಂತ್ರಾಂಶ ಬರೆಯುವುದಾಗಿತ್ತು. ಆ ನಾಲ್ಕು ವರ್ಷ ನಾನು ಅಕ್ಷರಗಳನ್ನಷ್ಟೇ ನೋಡಿದ್ದು: ಎ, ಟಿ, ಜಿ, ಸಿ. ಆ ಅಕ್ಷರಗಳು ಏನು ಹೇಳುತ್ತವೆ ಎಂದು ವಿಜ್ಞಾನಿಗಳನ್ನು ಪೀಡಿಸಿ ಪೀಡಿಸಿ ಕಲಿತದ್ದನ್ನು ಇಂದು ನಿಮಗೆ ಹೇಳುತ್ತೇನೆ.

ಇನ್ನೊಂದು ಕಾರಣವೂ ಇದೆ. 2019ರ ಆಗಸ್ಟ್ ತಿಂಗಳ ನೆರೆ ನಿಮಗೆ ನೆನಪಿರಬಹುದು. ಆಗ ನಿಮ್ಮಲ್ಲಿ ಕೆಲವರು ಅಂಗನವಾಡಿಯಲ್ಲಿದ್ದಿರಿ. ವರದಾ ಹೊಳೆ ಏರಿ ನಮ್ಮ ಹೊಳೆ ಸಾಲಿನ ಗದ್ದೆಯ ಮೇಲೆ ಹನ್ನೊಂದು ದಿನ ನೀರು ನಿಂತಿತ್ತು. ನಾಟಿ ಮಾಡಿ ಮೂರು ವಾರವೂ ಆಗಿರಲಿಲ್ಲ. ನೀರು ಇಳಿದ ಮೇಲೆ ಅಪ್ಪ ಗದ್ದೆಗೆ ಹೋಗಿ ಒಂದು ಹಿಡಿ ಸಸಿ ಕಿತ್ತು ತಂದರು. ಬೇಯಿಸಿದ ಸೊಪ್ಪಿನ ಹಾಗೆ ಇತ್ತು ಅದು, ಕೈಯಲ್ಲಿ ಹಿಡಿದರೆ ನಿಲ್ಲುತ್ತಿರಲಿಲ್ಲ. ಮತ್ತೆ ನೆಡೋಣ ಎಂದರೆ ಯಾರ ಹತ್ತಿರವೂ ಅಗೆ ಉಳಿದಿರಲಿಲ್ಲ. ಸೊಸೈಟಿ ಸಾಲ ಹಾಗೇ ಉಳಿಯಿತು, ಆ ವರ್ಷ ನಾವು ಅಕ್ಕಿ ಕೊಂಡು ಉಂಡೆವು. ಈ ಸಭೆಯಲ್ಲಿ ಇದೇ ಕಥೆ ಇರುವ ಮನೆಗಳು ಬಹಳ ಇವೆ. ಆ ಹಿಡಿ ಸಸಿಯನ್ನು ನೋಡಿ ನನಗೆ ಹುಟ್ಟಿದ ಪ್ರಶ್ನೆ ಇದು: ಒಂದೇ ನೀರಿನಲ್ಲಿ ಒಂದು ಭತ್ತ ಕೊಳೆಯುತ್ತದೆ, ಇನ್ನೊಂದು ಭತ್ತ ಬದುಕುತ್ತದೆ ಅಂತಾರಲ್ಲ, ಆ ಇನ್ನೊಂದರ ಒಳಗೆ ಏನಿದೆ?

ನೆರೆಗೆ ಹೋಗುವ ಮೊದಲು ಚಳಿಯ ವಿಷಯ ಹೇಳಬೇಕು. ಏಕೆಂದರೆ ಗಿಡಗಳು ಕಷ್ಟವನ್ನು ಹೇಗೆ ತಾಳುತ್ತವೆ ಎನ್ನುವ ಗುಟ್ಟು ಬಯಲಾಗಿದ್ದು ಬಹುಮಟ್ಟಿಗೆ ಚಳಿಯ ಅಧ್ಯಯನದಿಂದ.

ಮನುಷ್ಯನಿಗೆ ಚಳಿಯಾದರೆ ಕಂಬಳಿ ಹೊದೆಯುತ್ತಾನೆ, ಒಲೆ ಮುಂದೆ ಕೂರುತ್ತಾನೆ. ದನವಾದರೆ ಕೊಟ್ಟಿಗೆಗೆ ಬರುತ್ತದೆ. ಗಿಡಕ್ಕೆ ಎದ್ದು ಹೋಗಲು ಕಾಲಿಲ್ಲ. ಹಾಗಾಗಿ ಅದು ನಿಂತಲ್ಲೇ ತನ್ನ ಮೈಯನ್ನೇ ಬದಲಿಸಿಕೊಳ್ಳುತ್ತದೆ. ರೈ ಎಂಬ ಧಾನ್ಯದ ಗಿಡವನ್ನು ಬೆಚ್ಚಗಿನ ಜಾಗದಿಂದ ನೇರವಾಗಿ ಹಿಮಕ್ಕೆ ಇಟ್ಟರೆ ಮೈನಸ್ 5 ಡಿಗ್ರಿಯ ಆಸುಪಾಸಿನಲ್ಲಿ ಸಾಯುತ್ತದೆ. ಅದೇ ಗಿಡವನ್ನು ಮೊದಲು ಕೆಲವು ದಿನ ನೀರು ಹೆಪ್ಪುಗಟ್ಟದಷ್ಟು, ಆದರೆ ಚೆನ್ನಾಗಿ ಕೊರೆಯುವಷ್ಟು ಚಳಿಯಲ್ಲಿ ಇಟ್ಟರೆ, ಆಮೇಲೆ ಮೈನಸ್ 30ರವರೆಗೂ ತಾಳುತ್ತದೆ. ಗಿಡ ಅದೇ, ಡಿಎನ್‌ಎ ಅದೇ. ನಡುವೆ ನಡೆದದ್ದು ಒಂದು ತಯಾರಿ ಮಾತ್ರ.

ಆ ತಯಾರಿ ಹೇಗೆ ಶುರುವಾಗುತ್ತದೆ? ಚಳಿಗಾಲದ ಬೆಳಗ್ಗೆ ಬಚ್ಚಲು ಮನೆಯ ಗೂಡಿನಲ್ಲಿರುವ ಕೊಬ್ಬರಿ ಎಣ್ಣೆ ಬಾಟಲಿ ನೋಡಿದ್ದೀರಲ್ಲ, ಒಳಗೆ ಬೆಳ್ಳಗೆ ಗಟ್ಟಿಯಾಗಿರುತ್ತದೆ. ಅಡುಗೆಮನೆಯ ಶೇಂಗಾ ಎಣ್ಣೆ ಮಾತ್ರ ಹರಿಯುತ್ತಲೇ ಇರುತ್ತದೆ. ಗಿಡದ ಪ್ರತಿ ಜೀವಕೋಶದ ಸುತ್ತ ಇರುವ ಪೊರೆಯೂ ಇಂಥ ಜಿಡ್ಡಿನಿಂದಲೇ ಆಗಿದೆ. ಚಳಿಗೆ ಅದು ಬಿಗಿಯಾಗುತ್ತದೆ. ಆಗ ಹೊರಗಿನ ಕ್ಯಾಲ್ಸಿಯಂ ಕಣಗಳು ಕೋಶದೊಳಗೆ ನುಗ್ಗುತ್ತವೆ. ಅದೇ ಮೊದಲ ಸುದ್ದಿ, "ಚಳಿ ಬಂತು" ಎಂಬ ಕೂಗು. ಕ್ರಮೇಣ ಗಿಡ ತನ್ನ ಪೊರೆಯ ಜಿಡ್ಡನ್ನು ಕೊಬ್ಬರಿ ಎಣ್ಣೆಯ ಜಾತಿಯಿಂದ ಶೇಂಗಾ ಎಣ್ಣೆಯ ಜಾತಿಯ ಕಡೆಗೆ ಬದಲಿಸಿಕೊಳ್ಳುತ್ತದೆ. ಜೊತೆಗೆ ಸಕ್ಕರೆ ಕೂಡಿಡುತ್ತದೆ, ಕೋಶವನ್ನು ಕಾಪಾಡುವ ಪ್ರೋಟೀನುಗಳನ್ನು ಮಾಡಿಕೊಳ್ಳುತ್ತದೆ. ಇದಕ್ಕೆಲ್ಲ ನೂರಾರು ಜೀನ್‌ಗಳು, ಅಂದರೆ ನಿಮ್ಮ ಪುಸ್ತಕದಲ್ಲಿ ವಂಶವಾಹಿ ಎಂದಿದೆಯಲ್ಲ ಅವು, ಒಟ್ಟಿಗೆ ಎದ್ದು ಕೆಲಸ ಮಾಡಬೇಕು. ಇಷ್ಟೊಂದು ಜನರನ್ನು ಎಬ್ಬಿಸುವವರು ಯಾರು?

ಇದನ್ನು ಹುಡುಕಲು ವಿಜ್ಞಾನಿಗಳು ಹಿಡಿದದ್ದು ಸಾಸಿವೆ ಕುಟುಂಬದ ಅರಬಿಡಾಪ್ಸಿಸ್ ಎಂಬ ಪುಟ್ಟ ಕಳೆಯನ್ನು. ತಿನ್ನಲು ಬಾರದು, ಮಾರಲು ಬಾರದು. ಆದರೆ ಆರು ವಾರದಲ್ಲಿ ಬೀಜದಿಂದ ಬೀಜಕ್ಕೆ ಬರುತ್ತದೆ, ಡಿಎನ್‌ಎಯೂ ಚಿಕ್ಕದು. 2000ದಲ್ಲಿ ಇಡೀ ಡಿಎನ್‌ಎ ಓದಿ ಮುಗಿಸಿದ ಮೊದಲ ಗಿಡ ಇದೇ. ಈ ಗಿಡದಲ್ಲಿ ಚಳಿಗೆ ಏಳುವ ಜೀನ್‌ಗಳನ್ನು ಪಟ್ಟಿ ಮಾಡಿ ನೋಡಿದಾಗ ಅವುಗಳಲ್ಲಿ ಹಲವಕ್ಕೆ ಒಂದು ಹೋಲಿಕೆ ಕಂಡಿತು. ಪ್ರತಿ ಜೀನ್‌ನ ಮುಂದೆ ಅದನ್ನು ಯಾವಾಗ ಓದಬೇಕು ಎಂದು ಹೇಳುವ ಒಂದು ಭಾಗವಿರುತ್ತದೆ. ವಿಜ್ಞಾನಿಗಳು ಅದಕ್ಕೆ ಪ್ರೊಮೋಟರ್ ಎನ್ನುತ್ತಾರೆ, ನಾನು ಹೊಸ್ತಿಲು ಎನ್ನುತ್ತೇನೆ. ಈ ಜೀನ್‌ಗಳ ಹೊಸ್ತಿಲಲ್ಲಿ ಸಿ-ಸಿ-ಜಿ-ಎ-ಸಿ ಎಂಬ ಐದು ಅಕ್ಷರ ಇತ್ತು. ಸಾಲಾಗಿರುವ ಮನೆಗಳಲ್ಲಿ ಕೆಲವಕ್ಕೆ ಮಾತ್ರ ಒಂದೇ ರಂಗೋಲಿ ಹಾಕಿದ ಹಾಗೆ.

ರಂಗೋಲಿ ಇದ್ದಮೇಲೆ ಅದನ್ನು ಗುರುತಿಸಿ ಬಾಗಿಲು ಬಡಿಯುವವನೂ ಇರಬೇಕಲ್ಲ. ಅಮೆರಿಕದ ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಮೈಕೆಲ್ ಥಾಮಶೋ ಅವರ ತಂಡ 1997ರಲ್ಲಿ ಅಂಥ ಒಂದು ಪ್ರೋಟೀನನ್ನು ಹಿಡಿಯಿತು. ಅದಕ್ಕೆ ಸಿಬಿಎಫ್1 ಎಂದು ಹೆಸರಿಟ್ಟರು. ಜಪಾನಿನಲ್ಲಿ ಕಜುವೊ ಶಿನೊಜಾಕಿ ಮತ್ತು ಕಜುಕೊ ಯಾಮಾಗುಚಿ-ಶಿನೊಜಾಕಿ ಅವರ ತಂಡ ಬರಗಾಲದ ಜೀನ್‌ಗಳ ಕಡೆಯಿಂದ ಹೊರಟು ಇದೇ ರಂಗೋಲಿಗೆ, ಇದೇ ಕುಟುಂಬದ ಪ್ರೋಟೀನುಗಳಿಗೆ ಬಂದು ಮುಟ್ಟಿತು. ಅವರು ಇಟ್ಟ ಹೆಸರು ಡ್ರೆಬ್. ಗಿಡವನ್ನು ಚಳಿಗೆ ಇಟ್ಟ ಹದಿನೈದು ನಿಮಿಷದಲ್ಲಿ ಸಿಬಿಎಫ್ ಜೀನ್‌ಗಳು ಏಳುತ್ತವೆ. ಅವು ಹೋಗಿ ಎಬ್ಬಿಸುವ ಉಳಿದ ಜೀನ್‌ಗಳು ಕೆಲವು ಗಂಟೆಗಳಲ್ಲಿ ಕೆಲಸಕ್ಕೆ ಹತ್ತುತ್ತವೆ.

ಇಲ್ಲಿ ಸ್ವಲ್ಪ ನಿಲ್ಲೋಣ. ಒಂದು ತಂಡ ಚಳಿ ಎಂದಿತು, ಇನ್ನೊಂದು ಬರ ಎಂದಿತು, ಎರಡೂ ಒಂದೇ ಬಾಗಿಲಿಗೆ ಬಂದವು. ಹೇಗೆ? ಹಿಮ ಬೀಳುವಾಗ ಮಂಜುಗಡ್ಡೆ ಮೊದಲು ಕಟ್ಟುವುದು ಕೋಶದ ಒಳಗಲ್ಲ, ಕೋಶಗಳ ನಡುವಿನ ಸಂದಿಯಲ್ಲಿ. ಆ ಗಡ್ಡೆ ಕೋಶದೊಳಗಿನ ನೀರನ್ನು ಹೊರಕ್ಕೆ ಎಳೆಯುತ್ತದೆ. ಕೋಶ ಒಣಗುತ್ತದೆ, ಪೊರೆ ಮುದುಡಿ ಹರಿಯುತ್ತದೆ. ಅಂದರೆ ಹಿಮದಲ್ಲಿ ಸಾಯುವ ಗಿಡ ಸಾಯುವುದು ಬಹುಮಟ್ಟಿಗೆ ಬಾಯಾರಿಕೆಯಿಂದ! ಉಪ್ಪು ಮಣ್ಣಿನಲ್ಲಿಯೂ ಹಾಗೆ, ನೀರು ಇದ್ದರೂ ಬೇರಿಗೆ ಅದನ್ನು ಎಳೆದುಕೊಳ್ಳುವುದು ಕಷ್ಟ. ನಮಗೆ ಚಳಿ, ಬರ, ಉಪ್ಪು ಎಂದು ಮೂರು ಬೇರೆ ಬೇರೆ ಕಷ್ಟ. ಕೋಶದ ಲೆಕ್ಕದಲ್ಲಿ ಮೂರಕ್ಕೂ ದೊಡ್ಡದೊಂದು ಪಾಲು ನೀರಿನ ಕೊರತೆಯೇ. ಇದನ್ನು ಓದಿದ ದಿನ ನನಗೆ ಆದಷ್ಟು ಸಂತೋಷ ನನ್ನ ಯಾವ ಪ್ರೋಗ್ರಾಮ್ ಸರಿಯಾಗಿ ಓಡಿದಾಗಲೂ ಆಗಿಲ್ಲ.

ಮುಂದೆ ಏನು ಮಾಡಿದರು ಎಂದು ನೀವೇ ಊಹಿಸಬಹುದು. ಸಿಬಿಎಫ್ ಯಾವಾಗಲೂ ಎದ್ದೇ ಇರುವಂತೆ ಮಾಡಿದರು, ಚಳಿ ಇರಲಿ ಬಿಡಲಿ. 1998ರಲ್ಲಿ ಬಂದ ಫಲಿತಾಂಶ ಚೆನ್ನಾಗಿತ್ತು. ತಯಾರಿಯೇ ಇಲ್ಲದೆ ಆ ಗಿಡಗಳು ಹಿಮ ತಾಳಿದವು. ಆದರೆ ಸದಾ ಎಚ್ಚರವಾಗಿರುವ ಇಂಥ ಗಿಡಗಳು ಕುಳ್ಳಗೆ ಉಳಿಯುವುದೂ ಕಂಡಿತು. ರಾತ್ರಿಯಿಡೀ ಕಾವಲು ಕಾಯುವವನು ಹಗಲು ಉಳುಮೆ ಮಾಡಲಾರ. ಕಷ್ಟ ತಾಳುವ ಶಕ್ತಿ ಪುಕ್ಕಟೆ ಬರುವುದಿಲ್ಲ, ಬೆಳವಣಿಗೆಯಿಂದ ಕಡಿತವಾಗುತ್ತದೆ. 1999ರಲ್ಲಿ ಜಪಾನಿನ ತಂಡ ಇದಕ್ಕೆ ಒಂದು ಜಾಣ ದಾರಿ ಹುಡುಕಿತು. ಅದೇ ಡ್ರೆಬ್ ಜೀನ್‌ಗೆ ಕಷ್ಟ ಬಂದಾಗ ಮಾತ್ರ ತೆರೆಯುವ ಇನ್ನೊಂದು ಜೀನ್‌ನ ಹೊಸ್ತಿಲನ್ನು ಜೋಡಿಸಿದರು. ಆಗ ಗಿಡ ಹೆಚ್ಚುಕಡಿಮೆ ಮಾಮೂಲಿಯಂತೆ ಬೆಳೆಯಿತು; ಬರ, ಉಪ್ಪು, ಹಿಮ ಮೂರನ್ನೂ ಹೆಚ್ಚು ತಾಳಿತು. ನಮ್ಮ ಕೆಲಸದಲ್ಲಿ ಇದಕ್ಕೆ ಷರತ್ತು ಬರೆಯುವುದು ಎನ್ನುತ್ತೇವೆ: "ಹೀಗಾದರೆ ಮಾತ್ರ ಹೀಗೆ ಮಾಡು". ಮೂವತ್ತು ಸಾಲಿನ ಪ್ರೋಗ್ರಾಮ್ ಆಗಲಿ, ಗಿಡವಾಗಲಿ, ಯಾವ ಕೆಲಸ ಮಾಡಬೇಕು ಎನ್ನುವುದಕ್ಕಿಂತ ಯಾವಾಗ ಮಾಡಬೇಕು ಎನ್ನುವುದರಲ್ಲೇ ಹೆಚ್ಚಿನ ಕಷ್ಟ ಇದೆ.

ಸಿಬಿಎಫ್ ಅನ್ನು ಎಬ್ಬಿಸುವವರು ಯಾರು ಎಂದು ಹಿಂದಕ್ಕೆ ಹುಡುಕಿದಾಗ 2003ರಲ್ಲಿ ಐಸ್1 ಎಂಬ ಪ್ರೋಟೀನು ಸಿಕ್ಕಿತು. ಅದನ್ನು ಕಂಡುಹಿಡಿದ ಅಮೆರಿಕದ ಪ್ರಯೋಗಾಲಯದಲ್ಲಿ ಮುಖ್ಯ ಕೆಲಸ ಮಾಡಿದವರು ನಮ್ಮ ದೇಶದ ವಿಶ್ವನಾಥನ್ ಚಿನ್ನುಸಾಮಿ. ಐಸ್1ನ ಪಾತ್ರ ಎಷ್ಟು ದೊಡ್ಡದು ಎಂಬ ಬಗ್ಗೆ ಈಚೆಗೆ ವಾದವೂ ಎದ್ದಿದೆ, ಇರಲಿ, ವಿಜ್ಞಾನ ನಡೆಯುವುದೇ ಹಾಗೆ. ಅರಬಿಡಾಪ್ಸಿಸ್‌ನಲ್ಲಿ ಚಳಿಗೆ ಏಳುವ ಸಿಬಿಎಫ್‌ಗಳು ಮೂರು. ಅವು ಒಂದೇ ವರ್ಣತಂತುವಿನಲ್ಲಿ ಒತ್ತೊತ್ತಾಗಿ ಕುಳಿತಿರುವುದರಿಂದ ಮೂರನ್ನೂ ಒಟ್ಟಿಗೆ ಕೆಡಿಸಿ ನೋಡುವುದು ಬಹಳ ಕಾಲ ಆಗಿರಲಿಲ್ಲ. ಕ್ರಿಸ್ಪರ್ ಎಂಬ ಡಿಎನ್‌ಎ ಕತ್ತರಿ ಬಂದ ಮೇಲೆ 2016ರಲ್ಲಿ ಅದೂ ಆಯಿತು. ಮೂರೂ ಇಲ್ಲದ ಗಿಡ ಎಷ್ಟು ತಯಾರಿ ಕೊಟ್ಟರೂ ಹಿಮಕ್ಕೆ ಸುಲಭವಾಗಿ ಸೋತಿತು. ಹಾಗೆಂದು ಚಳಿಯ ಎಲ್ಲ ಜೀನ್‌ಗಳೂ ಸಿಬಿಎಫ್ ಮಾತು ಕೇಳುವುದಿಲ್ಲ, ಒಂದು ಭಾಗ ಮಾತ್ರ ಕೇಳುತ್ತದೆ. ಟೊಮೆಟೊದಲ್ಲೂ ಸಿಬಿಎಫ್ ಇದೆ, ಚಳಿಗೆ ಏಳುತ್ತದೆ ಕೂಡ. ಆದರೂ ಟೊಮೆಟೊ ಹಿಮ ತಾಳದು, ಏಕೆಂದರೆ ಅಲ್ಲಿ ಆ ಕೂಗಿಗೆ ಓಗೊಡುವ ಜೀನ್‌ಗಳೇ ಕಡಿಮೆ. ಪತ್ರಿಕೆಯಲ್ಲಿ "ಬರ ತಾಳುವ ಜೀನ್ ಪತ್ತೆ" ಎಂಬ ತಲೆಬರಹ ಕಂಡಾಗಲೆಲ್ಲ ಈ ಟೊಮೆಟೊ ನೆನಪು ಮಾಡಿಕೊಳ್ಳಿ.

ಇನ್ನು ನಮ್ಮ ಹೊಳೆಗೆ ಬರುತ್ತೇನೆ.

ಭತ್ತ ನೀರಿನ ಬೆಳೆ ಎನ್ನುತ್ತೇವೆ. ಬುಡ ನೀರಿನಲ್ಲಿದ್ದರೆ ಅದಕ್ಕೆ ಸುಖ, ತಲೆ ಮುಳುಗಿದರೆ ಅದಕ್ಕೂ ಉಸಿರು ಕಟ್ಟುತ್ತದೆ. ಗಿಡದಲ್ಲಿ ಎಥಿಲೀನ್ ಎಂಬ ಅನಿಲ ಹುಟ್ಟುತ್ತಿರುತ್ತದೆ, ಬಾಳೆಗೊನೆ ಹಣ್ಣಾಗಿಸುವುದೂ ಅದೇ ಅನಿಲ. ಗಾಳಿಯಲ್ಲಾದರೆ ಅದು ಹೊರಗೆ ಹೋಗಿಬಿಡುತ್ತದೆ. ನೀರಿನಲ್ಲಿ ಮುಳುಗಿದಾಗ ಹೋಗಲಾರದೆ ಒಳಗೇ ತುಂಬಿಕೊಳ್ಳುತ್ತದೆ. ಮುಳುಗಿದ್ದೇನೆ ಎಂದು ಭತ್ತಕ್ಕೆ ತಿಳಿಯುವುದು ಹೀಗೆ. ತಿಳಿದ ಕೂಡಲೇ ಸಾಮಾನ್ಯ ಭತ್ತ ಗಾಬರಿಯಾಗಿ ಮೇಲಕ್ಕೆ ಬೆಳೆಯಲು ಹೊರಡುತ್ತದೆ, ತಲೆಯನ್ನು ಹೇಗಾದರೂ ನೀರಿನ ಮೇಲೆ ತರಬೇಕೆಂದು. ಕೂಡಿಟ್ಟ ಸಕ್ಕರೆ, ಪಿಷ್ಟ ಎಲ್ಲ ಆ ಓಟಕ್ಕೆ ಖರ್ಚಾಗುತ್ತದೆ. ಒಂದು ವಾರ, ಹತ್ತು ದಿನ ಕಳೆದರೂ ನೀರು ಇಳಿಯದಿದ್ದರೆ ಕೈ ಖಾಲಿ. ನೀರು ಇಳಿದಾಗ ಉದ್ದ ಬೆಳೆದ ಬಡಕಲು ಸಸಿ ನೆಲಕ್ಕೆ ಮಲಗುತ್ತದೆ. ಅಪ್ಪ ಕಿತ್ತು ತಂದದ್ದು ಅದನ್ನೇ.

ಒಡಿಶಾದಲ್ಲಿ ರೈತರು ತಲೆತಲಾಂತರದಿಂದ ಬೆಳೆಯುತ್ತಿದ್ದ ಒಂದು ಭತ್ತ ಹೀಗೆ ಮಾಡುತ್ತಿರಲಿಲ್ಲ. ಅದರಿಂದ ಆರಿಸಿದ ತಳಿಗೆ ಎಫ್‌ಆರ್13ಎ ಎಂದು ಹೆಸರು. ನೀರು ಬಂದರೆ ಅದು ಬೆಳೆಯುವುದನ್ನೇ ನಿಲ್ಲಿಸಿ ಸುಮ್ಮನೆ ಇರುತ್ತದೆ. ಗಂಟು ಉಳಿಸಿಕೊಂಡು, ನೀರು ಇಳಿದ ಮೇಲೆ ಹೊಸ ಎಲೆ ಬಿಡುತ್ತದೆ. ಇಳುವರಿ ಕಡಿಮೆ, ಹಾಗಾಗಿ ಯಾರಿಗೂ ಅದು ಬೇಡವಾಗಿತ್ತು. ಅದರ ಗುಣವನ್ನು ಬೇರೆ ತಳಿಗೆ ತರಲು ತಳಿವಿಜ್ಞಾನಿಗಳು ವರ್ಷಗಟ್ಟಲೆ ಪ್ರಯತ್ನಿಸಿದರು. ನೆರೆ ತಾಳುವ ಗುಣದ ಜೊತೆಗೆ ಬೇಡದ ಗುಣಗಳೂ ಹಿಂಬಾಲಿಸಿ ಬರುತ್ತಿದ್ದವು. 1996ರಲ್ಲಿ ಕೆನಾಂಗ್ ಶು ಮತ್ತು ಡೇವಿಡ್ ಮ್ಯಾಕಿಲ್ ಆ ಗುಣದ ಬಹುಪಾಲು ಒಂಬತ್ತನೇ ವರ್ಣತಂತುವಿನ ಒಂದೇ ಜಾಗದಲ್ಲಿದೆ ಎಂದು ತೋರಿಸಿದರು. 2006ರಲ್ಲಿ ಪಮೇಲಾ ರೊನಾಲ್ಡ್, ಜೂಲಿಯಾ ಬೈಲಿ-ಸೆರೆಸ್ ಇವರೂ ಇದ್ದ ತಂಡ ಜೀನ್ ಅನ್ನೇ ಹಿಡಿಯಿತು: ಸಬ್1ಎ. ಮುಳುಗಿದಾಗ ಎಥಿಲೀನ್ ಅದನ್ನು ಎಬ್ಬಿಸುತ್ತದೆ, ಅದು ಎದ್ದು "ಬೆಳೆಯಬೇಡ, ಕಾಯಿ" ಎಂದು ಉಳಿದವರಿಗೆ ಹೇಳುತ್ತದೆ. ಸ್ವಾರಸ್ಯವೆಂದರೆ ಈ ಸಬ್1ಎ ಮತ್ತು ಚಳಿಯ ಸಿಬಿಎಫ್ ದಾಯಾದಿಗಳು, ಒಂದೇ ದೊಡ್ಡ ಪ್ರೋಟೀನು ಕುಟುಂಬದವು. ತಿಂಗಳುಗಟ್ಟಲೆ ಆಳದ ನೀರಿನಲ್ಲಿ ನಿಲ್ಲುವ ಭತ್ತಗಳು ಬೇರೆ ಇವೆ, ಅವು ಮೀಟರ್‌ಗಟ್ಟಲೆ ಉದ್ದ ಬೆಳೆದು ಬದುಕುತ್ತವೆ. ಜಪಾನಿನವರು 2009ರಲ್ಲಿ ಅವುಗಳಲ್ಲಿ ಕಂಡ ಎರಡು ಸ್ನಾರ್ಕೆಲ್ ಜೀನ್‌ಗಳೂ ಇದೇ ಕುಟುಂಬದವೇ! ಅಣ್ಣ "ಕೂತಿರು" ಎನ್ನುತ್ತಾನೆ, ತಮ್ಮ "ಓಡು" ಎನ್ನುತ್ತಾನೆ. ನೀರು ಹದಿನೈದು ದಿನದಲ್ಲಿ ಇಳಿಯುವ ಊರಿಗೆ ಅಣ್ಣನೇ ಸರಿ, ಇಳಿಯದ ಊರಿಗೆ ತಮ್ಮನೇ ಸರಿ.

ಸಬ್1ಎ ಜಾಗ ತಿಳಿದ ಮೇಲೆ ಕೆಲಸ ಸಲೀಸಾಯಿತು. ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ನಮ್ಮ ಜನಪ್ರಿಯ ಸ್ವರ್ಣ ತಳಿಗೆ ಸಾಮಾನ್ಯ ಪರಾಗಸ್ಪರ್ಶದಿಂದಲೇ ಈ ಜೀನ್ ತಂದರು. ಪ್ರತಿ ಪೀಳಿಗೆಯಲ್ಲೂ ಸಸಿಗಳ ಡಿಎನ್‌ಎ ನೋಡಿ, ಸಬ್1ಎ ಇದ್ದು ಉಳಿದದ್ದೆಲ್ಲ ಸ್ವರ್ಣದಂತೇ ಇರುವ ಸಸಿಯನ್ನು ಆರಿಸಿದರು. ಹೊರಗಿನ ಜೀವಿಯ ಜೀನ್ ಸೇರಿಸಿದ ಕುಲಾಂತರಿ ಅಲ್ಲ ಇದು. 2009ರಲ್ಲಿ ಸ್ವರ್ಣ-ಸಬ್1 ಭಾರತದಲ್ಲಿ ಬಿಡುಗಡೆಯಾಯಿತು. ಸುಮಾರು ಎರಡು ವಾರ ಮುಳುಗಿದರೂ ಚೇತರಿಸಿಕೊಳ್ಳುತ್ತದೆ. ಒಡಿಶಾದ ರೈತರ ಹೊಲಗಳಲ್ಲೇ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಹತ್ತು ದಿನ ಮುಳುಗಿದ ಗದ್ದೆಗಳಲ್ಲಿ ಇದು ಸ್ವರ್ಣಕ್ಕಿಂತ ಶೇಕಡ 45ರಷ್ಟು ಹೆಚ್ಚು ಇಳುವರಿ ಕೊಟ್ಟಿತು. ಅದೇ ಅಧ್ಯಯನದಲ್ಲಿ ಇನ್ನೊಂದು ಮಾತಿದೆ. ಇದರ ಲಾಭ ಪರಿಶಿಷ್ಟ ಜಾತಿಯ ರೈತರಿಗೆ ಹೆಚ್ಚು ಸಿಗಬಹುದು, ಏಕೆಂದರೆ ನೆರೆ ನುಗ್ಗುವ ತಗ್ಗು ಜಮೀನು ಹೆಚ್ಚಾಗಿ ಇರುವುದು ಅವರ ಪಾಲಿಗೆ. ಈ ಸಾಲು ಓದಿದಾಗ ನಮ್ಮ ಊರಿನ ನಕ್ಷೆ ಕಣ್ಣ ಮುಂದೆ ಬಂತು. ಹೊಳೆ ಸಾಲಿನ ಗದ್ದೆ ಯಾರ ಹೆಸರಿನಲ್ಲಿವೆ, ಎತ್ತರದ ಗದ್ದೆ ಯಾರ ಹೆಸರಿನಲ್ಲಿವೆ ಎಂದು ಇಲ್ಲಿರುವ ದೊಡ್ಡವರಿಗೆಲ್ಲ ಗೊತ್ತು. ಜೀನ್‌ಗೆ ಜಾತಿ ಇಲ್ಲ, ನೆರೆಗೂ ಇಲ್ಲ ಎನ್ನಬಹುದು. ಆದರೆ ನೆರೆ ಮೊದಲು ಹೋಗುವುದು ತಗ್ಗಿಗೆ.

ಹಾಗಾದರೆ ನಾಳೆಯೇ ಸ್ವರ್ಣ-ಸಬ್1 ತಂದು ಬಿತ್ತೋಣವೇ ಎಂದು ಅಪ್ಪ ಕೇಳಿದ್ದರು. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ನೀರು ಎರಡು ವಾರ ಮೀರಿದರೆ ಅದೂ ಸಾಯುತ್ತದೆ. ಮೊಣಕಾಲುದ್ದ ನೀರು ಎರಡು ತಿಂಗಳು ನಿಲ್ಲುವ ಜೌಗಿನಲ್ಲಿ ಬೆಳೆಯದೆ ಕೂತರೆ ಉಪಯೋಗವಿಲ್ಲ. ಹೂ ಬಿಡುವಾಗ ಮುಳುಗಿದರೆ ಕಾಳು ಕಟ್ಟುವ ಭರವಸೆ ಇಲ್ಲ. ಸ್ವರ್ಣ ದೀರ್ಘಾವಧಿ ತಳಿ, ನಮ್ಮ ಗದ್ದೆಗೆ, ನಮ್ಮ ಬಾಯಿಗೆ ಅದು ಒಪ್ಪಬೇಕು. ಕೃಷಿ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ, ಮೊದಲ ವರ್ಷ ಎರಡು ಗುಂಟೆಯಲ್ಲಿ ಹಾಕಿ ನೋಡುವುದು ಒಳ್ಳೆಯದು ಎಂದೆ. "ನಿನ್ನ ವಿಜ್ಞಾನ ಕೊನೆಗೆ ನಮ್ಮ ಅಪ್ಪ ಹೇಳಿದ್ದನ್ನೇ ಹೇಳ್ತದಲ್ಲ" ಎಂದು ನಕ್ಕರು.

ಅವರ ಅಪ್ಪ, ಅಂದರೆ ನನ್ನ ಅಜ್ಜ, ಹೊಳೆ ಸಾಲಿಗೆ ಬೇರೆಯೇ ಬೀಜ ಇಡುತ್ತಿದ್ದರು. ವರದೆಯ ದಂಡೆಯ ಸೀಮೆಯಲ್ಲಿ ನೆರೆಗುಳಿ ಎಂಬ ಭತ್ತವಿತ್ತು, ಹೆಸರಿನಲ್ಲೇ ನೆರೆ ಇದೆ. ಹಳೆಯ ತಳಿ ಎಂದ ಮಾತ್ರಕ್ಕೆ ಪೂಜೆ ಮಾಡುವವನು ನಾನಲ್ಲ. ಎತ್ತರ ಬೆಳೆದು ಬೀಳುವ, ಎಕರೆಗೆ ಕೆಲವೇ ಚೀಲ ಕೊಡುವ ಭತ್ತವನ್ನು ಸಾಲ ಇರುವವನು ಬೆಳೆಯಲಿ ಎಂದು ನಗರದಲ್ಲಿ ಕೂತು ಹೇಳುವುದು ಸುಲಭ. ಆದರೆ ಲೆಕ್ಕ ನೋಡಿ. ಸಬ್1ಎ ಯಾವ ಕಂಪ್ಯೂಟರಿನಲ್ಲೂ ಹುಟ್ಟಲಿಲ್ಲ. ಇಳುವರಿ ಇಲ್ಲದ ಒಂದು ಭತ್ತವನ್ನು ಒಡಿಶಾದ ತಗ್ಗಿನ ರೈತರು ಬಿಡದೆ ಉಳಿಸಿಕೊಂಡದ್ದರಿಂದ ಅದು ಸಿಕ್ಕಿತು. ಉಪ್ಪು ತಾಳುವ ಜೀನ್‌ಗಳನ್ನು ಹುಡುಕಿದವರು ಹೋದದ್ದು ಕೇರಳದ ಪೊಕ್ಕಾಳಿಗೆ, ಬಂಗಾಳದ ನೋನಾ ಬೊಕ್ರಾಕ್ಕೆ. ನಮ್ಮ ಪಕ್ಕದ ಕುಮಟಾದ ಅಘನಾಶಿನಿ ಗಜನಿಯಲ್ಲಿ ಕಗ್ಗ ಭತ್ತ ಉಪ್ಪು ನೀರಿನಲ್ಲಿ ನಿಲ್ಲುತ್ತದೆ. ಈಗಿನ ಕತ್ತರಿ ಎಷ್ಟೇ ಚೂಪಾಗಿರಲಿ, ಯಾವ ಅಕ್ಷರ ಕತ್ತರಿಸಬೇಕು ಎಂದು ತೋರಿಸುವುದು ಇಂಥ ಗಿಡಗಳೇ.

ಕತ್ತರಿಯ ಕೆಲಸ ನಮ್ಮ ದೇಶದಲ್ಲೂ ನಡೆದಿದೆ. ಆಗ ಹೇಳಿದ ವಿಶ್ವನಾಥನ್ ಅವರು ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ತಮ್ಮ ತಂಡದೊಂದಿಗೆ ಎಂಟಿಯು1010 ಭತ್ತದ ಡಿಎಸ್‌ಟಿ ಎಂಬ ಜೀನ್ ಅನ್ನು ಕ್ರಿಸ್ಪರ್‌ನಿಂದ ತಿದ್ದಿದರು. ಬರ ಮತ್ತು ಉಪ್ಪು ತಾಳುವ ಗುಣಕ್ಕೆ ತಡೆ ಹಾಕುತ್ತಿದ್ದ ಜೀನ್ ಅದು. 2025ರ ಮೇ ತಿಂಗಳಲ್ಲಿ ಪೂಸಾ ಡಿಎಸ್‌ಟಿ ರೈಸ್ 1 ಎಂಬ ಹೆಸರಿನಲ್ಲಿ ಕೇಂದ್ರ ಸರ್ಕಾರ ಅದನ್ನು ಘೋಷಿಸಿತು. ಪರ ವಿರೋಧ ಎರಡೂ ಮಾತು ನಡೆದಿದೆ. ನನ್ನ ಅಭಿಪ್ರಾಯ ಕೇಳಿದರೆ, ಬೀಜ ರೈತನ ಕೈಯಲ್ಲಿ ಉಳಿಯುತ್ತದೆಯೇ, ಪರೀಕ್ಷೆಯ ಅಂಕಿಅಂಶ ಎಲ್ಲರಿಗೂ ನೋಡಲು ಸಿಗುತ್ತದೆಯೇ ಎಂದು ಮೊದಲು ಕೇಳುತ್ತೇನೆ. ರಾಗಿಯ ಇಡೀ ಡಿಎನ್‌ಎಯನ್ನು 2017ರಲ್ಲಿ ಓದಿ ಪ್ರಕಟಿಸಿದವರಲ್ಲಿ ನಮ್ಮ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರೂ ಇದ್ದರು. ಯಾರು ಬೇಕಾದರೂ ನೋಡಬಹುದು. ಹತ್ತನೇ ತರಗತಿ ಮುಗಿಸಿದವರು ನಮ್ಮ ಲ್ಯಾಬಿನ ಕಂಪ್ಯೂಟರಿನಲ್ಲೇ ತೆರೆದು ನೋಡಬಹುದು, ವಿದ್ಯುತ್ ಇದ್ದರೆ.

ಸಮಯ ಆಯಿತು ಎಂದು ಮೇಷ್ಟ್ರು ಸನ್ನೆ ಮಾಡುತ್ತಿದ್ದಾರೆ. ಒಂದು ಕೆಲಸ ಒಪ್ಪಿಸಿ ಹೋಗುತ್ತೇನೆ. ಹಳೆಯ ವಿದ್ಯಾರ್ಥಿಗಳ ಸಂಘದಿಂದ ಎರಡು ದೊಡ್ಡ ನೀಲಿ ಡ್ರಮ್ಮು, ಇಪ್ಪತ್ತು ಕುಂಡ ಕೊಡುವುದೆಂದು ಒಪ್ಪಿಗೆಯಾಗಿದೆ. ಜೂನ್‌ನಲ್ಲಿ ಒಂದೊಂದು ತಳಿಗೆ ನಾಲ್ಕು ಕುಂಡದಂತೆ ಬಿತ್ತಿ. ಸಸಿಗೆ ಮೂರು ವಾರ ಆದಾಗ ಎತ್ತರ ಅಳೆದು ಬರೆದುಕೊಳ್ಳಿ. ಮೂರು ಕುಂಡವನ್ನು ತಲೆ ಮುಳುಗುವಂತೆ ಹನ್ನೆರಡು ದಿನ ಡ್ರಮ್ಮಿನಲ್ಲಿಡಿ, ಒಂದನ್ನು ಹೊರಗೇ ಬಿಡಿ, ಹೋಲಿಸಿ ನೋಡಲು ಅದು ಬೇಕು. ಹೊರಗೆ ತೆಗೆದ ದಿನ ಮತ್ತೆ ಎತ್ತರ ಅಳೆಯಿರಿ. ಹತ್ತು ದಿನ ಬಿಟ್ಟು ಎಷ್ಟು ಸಸಿ ಹಸಿರಾಗಿ ಎದ್ದಿವೆ ಎಣಿಸಿ. ಯಾವುದು ಓಡಿತು, ಯಾವುದು ಕೂತಿತು ಎಂದು ಸ್ಕೇಲ್ ಪಟ್ಟಿಯೇ ಹೇಳುತ್ತದೆ. ಒಂದು ಸಲದ ಲೆಕ್ಕ ಸಾಲದು, ಮರುವರ್ಷದ ಮಕ್ಕಳು ಮತ್ತೆ ಮಾಡಬೇಕು.

ಬೀಜ ಮಾತ್ರ ನೀವು ತರಬೇಕು. ಹೊಳೆ ಸಾಲಿನ ಮನೆಗಳಲ್ಲಿ ಅಜ್ಜ ಅಜ್ಜಿಯರನ್ನು ಕೇಳಿ, ನೆರೆಗುಳಿಯೋ ಮತ್ತೊಂದೋ ಯಾರ ಅಟ್ಟದ ಮೇಲಾದರೂ ಉಳಿದಿರಬಹುದು. ಒಂದು ಹಿಡಿ ಸಾಕು. ಭತ್ತದ ಹೆಸರು, ಯಾರ ಮನೆ, ಯಾವ ಗದ್ದೆ, ಎಷ್ಟು ದಿನ ನೀರು ತಾಳುತ್ತಿತ್ತು ಎಂದು ಅವರು ಹೇಳುತ್ತಾರೆ, ಅಷ್ಟನ್ನೂ ಚೀಟಿಯಲ್ಲಿ ಬರೆದು ಪೊಟ್ಟಣದ ಜೊತೆಗಿಟ್ಟು, ಮೇ ತಿಂಗಳ ಕೊನೆಯಲ್ಲಿ ಶಾಲೆ ತೆರೆದಾಗ ವಿಜ್ಞಾನದ ಮೇಷ್ಟ್ರ ಕೈಗೆ ಕೊಡಿ.